ಲ್ಯಾಟಿನ್ ಅಮೆರಿಕದ ಸಾಹಿತ್ಯದಲ್ಲಿ ಬಾಳೆಹಣ್ಣಿನ ಕಂಪನಿ

1899ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸ್ಥಾಪಿತವಾದ ಯುನೈಟೆಡ್ ಫ್ರೂಟ್ ಕಂಪನಿಯು ಮಧ್ಯ ಅಮೆರಿಕ ಹಾಗೂ ಕೊಲಂಬಿಯದ ಕರಾವಳಿಗಳಲ್ಲಿ ಬಾಳೆಯ ತೋಟಗಳನ್ನಲ್ಲದೆ ರೈಲುದಾರಿ, ಬಂದರು, ಹಡಗುಗಳನ್ನೂ ಕೈವಶ ಮಾಡಿಕೊಂಡು, ಆ ನಾಡುಗಳ ಸರ್ಕಾರಗಳೇ ಅಂಜುವಷ್ಟು ಪ್ರಬಲವಾಗಿ ಬೆಳೆಯಿತು. ಅದನ್ನು ಕುರಿತು ಸ್ಪ್ಯಾನಿಷ್ ಭಾಷೆಯಲ್ಲಿ ಹುಟ್ಟಿದ ಕಾವ್ಯ ಕಾದಂಬರಿಗಳು, ಜಾಗತಿಕ ವ್ಯಾಪಾರಸಂಸ್ಥೆಗಳ ಮೇಲೆ ಸಾಹಿತ್ಯವು ನಡೆಸಿದ ದೀರ್ಘವೂ ಗಂಭೀರವೂ ಆದ ವಿಚಾರಣೆಗಳಲ್ಲಿ ಒಂದಾಗಿವೆ.

ಈ ವಿಚಾರಣೆಗೆ ಪೂರ್ವಪೀಠಿಕೆಯುಂಟು. ಕ್ಯೂಬದ ಹೊಸೆ ಮಾರ್ತಿಯು 1891ರ ಪ್ರಬಂಧವೊಂದರಲ್ಲಿ ಉತ್ತರದ ಬಲಿಷ್ಠ ನೆರೆನಾಡಿನ ವಿಷಯದಲ್ಲಿ ಎಚ್ಚರಿಕೆ ನುಡಿದನು. ಉರುಗ್ವೆಯ ಹೊಸೆ ಎನ್ರಿಕೆ ರೋದೋ 1900ರಲ್ಲಿ ಪ್ರಕಟಿಸಿದ ‘ಏರಿಯಲ್’ ಗ್ರಂಥದಲ್ಲಿ, ಲಾಭವನ್ನೇ ಪರಮಾರ್ಥವೆಂದು ಬಗೆಯುವ ನಾಗರಿಕತೆಯ ಅಂಧಾನುಕರಣವನ್ನು ಖಂಡಿಸಿದನು. ಆದರೆ ಇವು ವಿದ್ವಜ್ಜನರ ಆತಂಕಗಳು. ಕೆಸರಿನಲ್ಲಿ ನಿಂತು ಗೊನೆ ಹೊರುವವನ ದನಿ ಇವುಗಳಲ್ಲಿ ಕೇಳಿಬರುವುದಿಲ್ಲ.

ಆ ದನಿಯನ್ನು ಸಾಹಿತ್ಯಕ್ಕೆ ತಂದವರಲ್ಲಿ ಕೋಸ್ಟರಿಕದ ಕಾರ್ಲೋಸ್ ಲೂಯಿಸ್ ಫಾಯಾಸ್ ಅಗ್ರಗಣ್ಯ. ಎಳೆಯ ವಯಸ್ಸಿನಲ್ಲಿ ಬಾಳೆತೋಟಗಳಲ್ಲಿ ತಾನೇ ದುಡಿದು, 1934ರ ಮಹಾಮುಷ್ಕರದ ನಾಯಕರಲ್ಲೊಬ್ಬನಾಗಿದ್ದ ಈತನ ‘ಮಾಮೀತ ಯುನಾಯ್’ (1941) ಕಾದಂಬರಿಯ ಬಂಧವು ಸಡಿಲವಾದುದು, ಭಾಷೆಯು ಒರಟಾದುದು. ಆದರೂ ಪೇಟೆಯಲ್ಲಿ ಹಣ್ಣು ಕೊಳ್ಳುವವನ ಕಣ್ಣಿಗೆ ಎಂದೂ ಬೀಳದ ದುಡಿಮೆಯನ್ನು ಇಷ್ಟು ಸಮೀಪದಿಂದ ಕಾಣಿಸಿದ ಕೃತಿಗಳು ವಿರಳ. ಉರುಳಿದ ಮರದಡಿ ನಜ್ಜುಗುಜ್ಜಾಗಿ ಸಾಯುವ ಕಲೇರೊ ಎಂಬ ಕೂಲಿಕಾರನನ್ನು ಓದಿದ ಚಿಲಿಯ ಪಾಬ್ಲೊ ನೆರೂದನು, ತನ್ನ ಮಹಾಕಾವ್ಯವಾದ ‘ಕಾಂತೊ ಹೆನೆರಾಲ್’ನಲ್ಲಿ (1950) ಅವನಿಗೊಂದು ಪದ್ಯವನ್ನೇ ಮೀಸಲಿಟ್ಟನು. ಅದೇ ಗ್ರಂಥದ ಮತ್ತೊಂದು ಪ್ರಸಿದ್ಧ ಕವನದಲ್ಲಿ ದೇವರು ಭೂಮಿಯನ್ನು ಕೋಕ-ಕೋಲ, ಫೋರ್ಡ್ ಮೊದಲಾದ ಸಂಸ್ಥೆಗಳಿಗೆ ಹಂಚಿಕೊಡುವಾಗ, ರಸವತ್ತಾದ ಭಾಗವು ಹಣ್ಣಿನ ಕಂಪನಿಯ ಪಾಲಿಗೆ ಬರುತ್ತದೆ. ಸರ್ವಾಧಿಕಾರಿಗಳು ಅಲ್ಲಿ ನೊಣಗಳಾಗಿ ಮುತ್ತುತ್ತಾರೆ.

ಗ್ವಾಟೆಮಾಲದ ಮಿಗೆಲ್ ಆಂಹೆಲ್ ಆಸ್ತೂರಿಯಾಸ್ 1950, 1954 ಮತ್ತು 1960ರಲ್ಲಿ ಪ್ರಕಟಿಸಿದ ಮೂರು ಕಾದಂಬರಿಗಳು ಇದೇ ವಸ್ತುವಿನ ಮೇಲೆ ನಿಂತಿವೆ. ಅವುಗಳ ನಡುವೆಯೇ ಇತಿಹಾಸವು ಹಾಯ್ದುಹೋಯಿತು. 1952ರ ಭೂಸುಧಾರಣೆಯಿಂದ ಕಂಪನಿಯ ಪಾಳುಭೂಮಿಯನ್ನು ವಶಪಡಿಸಿಕೊಂಡ ಅಧ್ಯಕ್ಷ ಹಾಕೊಬೊ ಆರ್ಬೆಂಸನ ಸರ್ಕಾರವನ್ನು, ಅಮೆರಿಕದ ಗುಪ್ತಚರ ಸಂಸ್ಥೆಯ ನೆರವಿನಿಂದ ನಡೆದ ದಂಗೆಯು 1954ರಲ್ಲಿ ಉರುಳಿಸಿತು. ಆಸ್ತೂರಿಯಾಸನು ಪೌರತ್ವವನ್ನೇ ಕಳೆದುಕೊಂಡು ದೇಶಭ್ರಷ್ಟನಾದನು.

ಈ ಪರಂಪರೆಯ ಶಿಖರವೆಂದರೆ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸನ ‘ನೂರು ವರ್ಷಗಳ ಏಕಾಂತ’ (1967). ಕಂಪನಿಯ ಅಂಗಡಿಯಲ್ಲಿ ಮಾತ್ರ ಸಲ್ಲುವ ಚೀಟಿಗಳಿಗೆ ಬದಲಾಗಿ ನಗದು ಕೂಲಿ ಬೇಕು, ವಾರಕ್ಕೊಮ್ಮೆ ಬಟವಾಡೆಯಾಗಬೇಕು ಎಂದು ಕೊಲಂಬಿಯದ ತೋಟದ ಆಳುಗಳು ಹೂಡಿದ್ದ ಮುಷ್ಕರವನ್ನು, 1928ರ ಡಿಸೆಂಬರಿನಲ್ಲಿ ಸಿಯೆನಗ ಪಟ್ಟಣದ ರೈಲುನಿಲ್ದಾಣದ ಬಳಿ ಸೈನ್ಯವು ಗುಂಡು ಹಾರಿಸಿ ಅಡಗಿಸಿತ್ತು. ಕಾದಂಬರಿಯಲ್ಲಿ ಹೆಣಗಳನ್ನು ತುಂಬಿಕೊಂಡು ಕಡಲಿನತ್ತ ಸಾಗುವ ರೈಲಿನಿಂದ ಹಾರಿ ಊರಿಗೆ ಮರಳಿದವನ ಮಾತನ್ನು ಒಬ್ಬರೂ ನಂಬುವುದಿಲ್ಲ. ಇಲ್ಲಿ ಯಾರೂ ಸತ್ತಿಲ್ಲವೆಂಬ ಸರ್ಕಾರದ ಹೇಳಿಕೆಯೇ ಜನರ ನೆನಪೂ ಆಗಿಬಿಟ್ಟಿರುತ್ತದೆ. ಕೊಂದುದಕ್ಕಿಂತಲೂ ಕೊಂದುದನ್ನು ಮರೆಯಿಸಿದುದೇ ಘೋರತರವೆಂದು ಕಂಡುಕೊಂಡುದರಲ್ಲಿ ಮಾರ್ಕೆಸನ ಹಿರಿಮೆಯಿದೆ. ಅವನು ಕಲ್ಪಿಸಿದ ಮೂರು ಸಾವಿರ ಎಂಬ ಮೃತರ ಸಂಖ್ಯೆಯನ್ನು ಮುಂದೆ ಹಲವರು ಇತಿಹಾಸದ ಅಂಕಿಯೆಂದೇ ಉಲ್ಲೇಖಿಸತೊಡಗಿದರು.

ಅಷ್ಟರಲ್ಲಿ ವ್ಯಾಪಾರದ ಸ್ವರೂಪವೇ ಬೇರೆಯಾಗಿತ್ತು. 1944ರಲ್ಲಿ ಕಂಪನಿಯು ಹೆಣ್ಣಿನ ಉಡುಪು ತೊಟ್ಟು ಹಾಡುವ ಬಾಳೆಹಣ್ಣಿನ ರೂಪದಲ್ಲಿ ‘ಚಿಕೀಟ’ ಮುದ್ರೆಯನ್ನು ಪ್ರಚಾರಕ್ಕೆ ತಂದ ಮೇಲೆ ಗೊನೆಯ ಹಿಂದಿನ ಬೆವರು ಚಿತ್ರದ ಮರೆಗೆ ಸರಿಯಿತು. ಆದುದರಿಂದ ಲೇಖಕರೂ ಚಿತ್ರವನ್ನೇ ಪರೀಕ್ಷೆಗೆ ಒಡ್ಡಬೇಕಾಯಿತು. ಬ್ರೆಜಿಲಿನ ದೆಸಿಯೊ ಪಿಗ್ನತಾರಿಯು 1957ರ ಕವನವೊಂದರಲ್ಲಿ ಕೋಕ-ಕೋಲ ಜಾಹೀರಾತಿನ ಅಕ್ಷರಗಳನ್ನೇ ಹಿಂದುಮುಂದಾಗಿಸುತ್ತ ಹೋಗಿ ಕೊನೆಗೆ ಚರಂಡಿಯಲ್ಲಿ ಮುಗಿಸಿದನು. ಏರಿಯಲ್ ಡಾರ್ಫ್‌ಮನ್ ಮತ್ತು ಅರ್ಮಾನ್ ಮಾತಲಾರ್ 1971ರಲ್ಲಿ ಚಿಲಿಯಲ್ಲಿ ಪ್ರಕಟಿಸಿದ ಗ್ರಂಥವು, ಡೊನಾಲ್ಡ್ ಡಕ್ ಚಿತ್ರಕಥೆಗಳಲ್ಲಿ ದೂರದೇಶದ ಜನರು ಮುಗ್ಧಶಿಶುಗಳಂತೆ ತಮ್ಮ ನಿಧಿಗಳನ್ನು ಅತಿಥಿಗಳಿಗೆ ಒಪ್ಪಿಸಿಬಿಡುವುದನ್ನು ಎತ್ತಿತೋರಿಸಿ, ಮಕ್ಕಳ ವಿನೋದದೊಳಗೂ ಸಾಮ್ರಾಜ್ಯದ ಪಾಠವು ಅಡಗಿರುವುದೆಂದು ಪ್ರತಿಪಾದಿಸಿತು. 1973ರ ಸೈನಿಕಕ್ರಾಂತಿಯ ಅನಂತರ ಚಿಲಿಯಲ್ಲಿ ಆ ಗ್ರಂಥದ ಪ್ರತಿಗಳನ್ನು ಸುಡಲಾಯಿತು. 1975ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಅಮೆರಿಕದ ಸುಂಕಾಧಿಕಾರಿಗಳು, ಚಿತ್ರಗಳ ಹಕ್ಕುಸ್ವಾಮ್ಯದ ಕಾರಣವನ್ನು ಮುಂದುಮಾಡಿ, ಬಂದರಿನಲ್ಲಿಯೇ ತಡೆಹಿಡಿದರು.