ಹೂವಿನ ಹಿಪ್ಪರಗಿ ಸೀಮೆಯ ಮರಣ ದಾಖಲೆಗಳು

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಹೋಬಳಿ ಊರಾದ ಹೂವಿನ ಹಿಪ್ಪರಗಿ ಮತ್ತು ಅದರ ಆಸುಪಾಸಿನ ಇಂಡಿ, ಸಿಂದಗಿ, ಮುದ್ದೇಬಿಹಾಳ ಸೀಮೆಯಲ್ಲಿ ಸತ್ತವರ ಹೆಸರನ್ನು ಬರೆದಿಟ್ಟ, ಇಲ್ಲವೆ ನೆನಪಿನಲ್ಲಿ ಕಾಪಾಡಿದ ಆಧಾರಗಳ ಇತಿಹಾಸ. ಈ ಸೀಮೆಯಲ್ಲಿ ಸಾವನ್ನು ಸಾವಿಗಾಗಿ ಬರೆದದ್ದು ಬಹಳ ಕಡಿಮೆ. ಹೊಲ ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ಹೋಗುವಾಗ, ವಂಶಪಾರಂಪರ್ಯದ ಹುದ್ದೆಯಾದ ವತನ ಮಗನಿಗೆ ಇಳಿಯುವಾಗ, ಬರವೋ ಬೇನೆಯೋ ಬಂದು ಸರಕಾರ ತಲೆ ಎಣಿಸಿದಾಗ ಸಾವು ಕಾಗದಕ್ಕೆ ಬಂತು. ವಂಶ ಹುಡುಕುವವರು ಇದನ್ನು ಮೊದಲೇ ತಿಳಿದಿದ್ದರೆ ಅರ್ಧ ಅಲೆದಾಟ ತಪ್ಪುತ್ತದೆ.

ಕಲ್ಲಿನ ಮೇಲಿನ ದಾಖಲೆ ಹಳೆಯದು. ಊರ ಕಾಳಗದಲ್ಲಿ, ದನ ಬಿಡಿಸುವಲ್ಲಿ ಮಡಿದವರ ವೀರಗಲ್ಲು, ಜೈನರ ನಿಸಿದಿಗಲ್ಲು, ಮಹಾಸತಿಗಲ್ಲುಗಳು ಕರ್ನಾಟಕದ ಉದ್ದಗಲಕ್ಕೂ ಇವೆ. ಆದರೆ ಅಲ್ಲಿಂದ ಇಂದಿನ ಮನೆತನಕ್ಕೆ ಎಳೆ ಜೋಡಿಸುವುದು ಹೆಚ್ಚುಕಡಿಮೆ ಆಗದ ಕೆಲಸ. ವಿಜಯಪುರದ ಗೋಳಗುಮ್ಮಟದ ದಕ್ಷಿಣ ಬಾಗಿಲಿನ ಮೇಲೆ ಮುಹಮ್ಮದ್ ಆದಿಲ್ ಶಾಹನ ಸಾವಿನ ವರ್ಷ ಮೂರು ವಾಕ್ಯಗಳಲ್ಲಿ ಅಡಗಿದೆ. ಅಕ್ಷರಗಳ ಬೆಲೆ ಕೂಡಿಸಿದರೆ ಒಂದೊಂದು ವಾಕ್ಯವೂ ಹಿಜರಿ 1067, ಅಂದರೆ ಕ್ರಿ.ಶ. 1656 ಎಂದು ಹೇಳುತ್ತದೆ. ಅದೇ ಬಾದಶಹನ ಹೊಲ ಉತ್ತವರ ಸಮಾಧಿಯ ಮೇಲೆ ಅಕ್ಷರವಿಲ್ಲ. ಲಿಂಗಾಯತ ಮನೆತನಗಳು ಸ್ವಂತ ಹೊಲದ ಮೂಲೆಯಲ್ಲಿ ಹಿರಿಯರನ್ನು ಮಣ್ಣುಮಾಡಿ ಗದ್ದುಗೆ ಕಟ್ಟುವುದುಂಟು. ಹಳೆಯ ಗದ್ದುಗೆಗಳಲ್ಲಿ ಹೆಸರು, ತಾರೀಖು ಸಿಗುವುದು ಅಪರೂಪ. ಯಾರ ಗದ್ದುಗೆ ಎಂಬುದು ಮನೆಯವರ ಬಾಯಲ್ಲಿ ಮಾತ್ರ ಇರುತ್ತದೆ, ಹೊಲ ಮಾರಿದರೆ ಅದೂ ಹೋಗುತ್ತದೆ. ಕೃಷ್ಣೆಗೆ ನಾರಾಯಣಪುರ ಮತ್ತು ಆಲಮಟ್ಟಿ ಅಣೆಕಟ್ಟುಗಳು ಬಂದ ಮೇಲೆ ನದಿದಂಡೆಯ ಊರುಗಳ ಜೊತೆ ಅವುಗಳ ಸುಡುಗಾಡು, ಕಬರಸ್ತಾನಗಳೂ ಹಿನ್ನೀರಿನ ಕೆಳಗೆ ಸೇರಿದವು.

ಬಾಯಿಮಾತಿನ ದಾಖಲೆಗೆ ಇಲ್ಲಿ ಒಡೆಯರಿದ್ದಾರೆ. ಅವರೇ ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತು ಏರಿ, ಗಂಟೆ ಬಾರಿಸುತ್ತ ಬಂದು ಮನೆಯ ಮುಂದೆ ನಿಂತು ಆ ಮನೆತನದ ಮೂಲಪುರುಷನಿಂದ ಹಿಡಿದು ಹೆಸರುಗಳನ್ನು ಹೇಳಿ ಕಾಳು, ಬಟ್ಟೆ, ಹಣ ಪಡೆಯುತ್ತಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿ ಬಳ್ಳಾರಿ ಸೀಮೆಯ ಹೆಳವರನ್ನು ಊರ ಇತಿಹಾಸ ಕಾಯುವವರೆಂದು ಗುರುತಿಸಿ, ಮನೆಮನೆಯ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದವರ ಹೆಸರುಗಳನ್ನೂ ಅವರು ಹೇಳುತ್ತಾರೆಂದು ಬರೆದಿದ್ದಾನೆ. ಒಂದೊಂದು ಹೆಳವ ಕುಟುಂಬಕ್ಕೂ ಗೊತ್ತಾದ ಊರುಗಳು, ಗೊತ್ತಾದ ಮನೆತನಗಳಿರುತ್ತವೆ. ಕೇಳಿದ್ದನ್ನು ಹೊತ್ತಿಗೆಗಳಲ್ಲಿ ಬರೆದೂ ಇಡುತ್ತಾರೆ. ಇವರ ಹೊತ್ತಿಗೆಯಲ್ಲಿ ತಾರೀಖು ಹುಡುಕಬಾರದು. ಯಾವ ಊರಿನಿಂದ ಬಂದೆವು, ಅಣ್ಣತಮ್ಮರಲ್ಲಿ ಯಾರ ವಂಶ ಅಲ್ಲಿಗೇ ನಿಂತಿತು ಎಂಬುದನ್ನು ಮಾತ್ರ ಯಾವ ಕಚೇರಿಯೂ ಇವರಷ್ಟು ಚೆನ್ನಾಗಿ ಹೇಳಲಾರದು. ಬ್ರಾಹ್ಮಣ ಮನೆತನಗಳಿಗೆ ಶ್ರಾದ್ಧದ ತಿಥಿಯೂ, ತ್ರ್ಯಂಬಕೇಶ್ವರ, ನಾಸಿಕದಂಥ ಕ್ಷೇತ್ರಗಳ ಪುರೋಹಿತರ ನಾಮಾವಳಿಯೂ ಆಧಾರ. ಯಾತ್ರೆಗೆ ಹೋದವರು ತಮ್ಮ ಹಾಗೂ ಹಿರಿಯರ ಹೆಸರನ್ನು ಅಲ್ಲಿ ಬರೆಸಿ ಬರುತ್ತಿದ್ದರು.

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಈ ಸೀಮೆ ಹಂತಹಂತವಾಗಿ ಮುಂಬಯಿ ಆಧಿಪತ್ಯಕ್ಕೆ ಸೇರಿತು. 1864ರಲ್ಲಿ ಕಲಾದಗಿ ಜಿಲ್ಲೆಯಾಯಿತು, 1885ರಲ್ಲಿ ಜಿಲ್ಲಾ ಕೇಂದ್ರ ವಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ ಬಂತು. ಊರಿನ ಹುಟ್ಟು-ಸಾವು ಬರೆದಿಡುವ ಹೊಣೆ ಬಿದ್ದದ್ದು ಪಾಟೀಲ-ಕುಲಕರ್ಣಿಗಳ ಮೇಲೆ. ತಳವಾರನೋ ವಾಲೀಕಾರನೋ ಬಂದು ಹೇಳಬೇಕು, ಕುಲಕರ್ಣಿ ಬರೆಯಬೇಕು. ಮಹಾರಾಷ್ಟ್ರದಲ್ಲಿ ಗ್ರಾಮ ನಮೂನೆ 14, ಕೋತವಾಲ ಬುಕ್ ಎಂದು ಇಂದಿಗೂ ಕರೆಯುವುದು ಇಂಥ ಪುಸ್ತಕವನ್ನೇ. ಸಾವಿನ ಕಾರಣಕ್ಕೆ ಇದ್ದ ಖಾನೆಗಳು ಕೆಲವೇ: ಕಾಲರಾ, ಸಿಡುಬು, ಜ್ವರ, ಭೇದಿ, ಪೆಟ್ಟು, ಇತರೆ. ಊರವರ ಬಾಯಿಮಾತಿನ ಮೇಲೆ ತುಂಬಿದ ಖಾನೆಗಳಾದ್ದರಿಂದ ಅಲ್ಲಿಯ ‘ಜ್ವರ’ವನ್ನು ವೈದ್ಯರ ಮಾತೆಂದು ಓದಬಾರದು. ಮೇಲಿನ ಕಚೇರಿಗೆ ಹೋದದ್ದು ಬರಿಯ ಅಂಕಿ, ಹೆಸರುಗಳು ಊರು ಮತ್ತು ತಾಲ್ಲೂಕಿನಲ್ಲೇ ಉಳಿದವು. ಅಚ್ಚಾದ ಸರಕಾರಿ ವರದಿಗಳಲ್ಲಿ ಅಜ್ಜನ ಹೆಸರು ಸಿಗದಿರುವುದು ಇದಕ್ಕೇ.

ಆ ಅಂಕಿಗಳಾದರೂ ಎದೆ ನಡುಗಿಸುವಂಥವು. 1872ರಲ್ಲಿ 8 ಲಕ್ಷ ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ರ ಹೊತ್ತಿಗೆ 6 ಲಕ್ಷ 38 ಸಾವಿರದ ಆಸುಪಾಸಿಗೆ ಇಳಿದಿತ್ತು. ನಡುವೆ 1876-78ರ ಬರ ಹಾದುಹೋಗಿತ್ತು. ಊರು ಬಿಟ್ಟವರಲ್ಲಿ ಎಷ್ಟೋ ಮಂದಿ ದಾರಿಯಲ್ಲೇ ತೀರಿಕೊಂಡರು. ಅವರ ಹೆಸರು ಹುಟ್ಟಿದೂರಿನ ಪುಸ್ತಕಕ್ಕೂ ಬರಲಿಲ್ಲ, ಸತ್ತೂರಿನ ಪುಸ್ತಕಕ್ಕೂ ಬರಲಿಲ್ಲ. ಮುಂದೆ ಪ್ಲೇಗು ಬಂದಾಗ, 1918ರ ಇನ್‌ಫ್ಲುಯೆಂಜಾ ಬಂದಾಗ, ಬರೆಯುವ ಕುಲಕರ್ಣಿಯ ಮನೆಯಲ್ಲೂ ಹೆಣ ಬಿದ್ದಿರಬಹುದು ಎಂಬುದನ್ನು ನೆನೆದೇ ಆ ವರ್ಷಗಳ ಖಾಲಿ ಪುಟಗಳನ್ನು ನೋಡಬೇಕು.

ಈ ಸೀಮೆಯ ನಿಜವಾದ ಮರಣ ದಾಖಲೆ ಇರುವುದು ಹೊಲದ ಕಾಗದದಲ್ಲಿ. ಮುಂಬಯಿ ಸರಕಾರ 1903ರ ಕಾಯಿದೆಯಿಂದ ಹಕ್ಕುದಾಖಲೆಯನ್ನು ತಂದ ಮೇಲೆ, ಖಾತೆದಾರ ತೀರಿಕೊಂಡರೆ ವಾರಸುದಾರರ ಹೆಸರು ಹಕ್ಕು ಬದಲಾವಣೆ ಬರೆಯುವ ಪುಸ್ತಕವಾದ ಫೇರಫಾರಿಗೆ ಏರಬೇಕಾಯಿತು. ಜನ ಇದಕ್ಕೆ ‘ವಾರಸಾ ಮಾಡಿಸುವುದು’ ಎನ್ನುತ್ತಾರೆ. ಇಂಥವನು ಇಂಥ ದಿನ ಮಯತನಾದನು, ಅವನಿಗೆ ಇಂತಿಂಥ ಮಕ್ಕಳು, ಹಿರಿಯವನ ವಯಸ್ಸು ಇಷ್ಟು ಎಂಬ ವಿವರ ನಾಲ್ಕೈದು ಸಾಲಿನಲ್ಲೇ ಸಿಕ್ಕಿಬಿಡುತ್ತದೆ. ‘ಮಯತ’ ಎಂದರೆ ಸತ್ತವನು, ‘ಪೌತಿ’ ಎಂದರೆ ಸಾವು, ಹೆಸರುಗಳ ನಡುವಿನ ‘ಬಿನ್’ ಎಂದರೆ ಮಗ, ‘ಕೋಂ’ ಎಂದರೆ ಹೆಂಡತಿ. ಈ ನಾಲ್ಕು ಮಾತು ಗೊತ್ತಿದ್ದರೆ ಹಳೆಯ ಪುಟ ತನ್ನಷ್ಟಕ್ಕೆ ತೆರೆದುಕೊಳ್ಳುತ್ತದೆ. ಇನ್ನೂ ಹಿಂದಿನ ಕಾಗದಗಳಿಗೆ ಮೋಡಿ ಲಿಪಿ ಓದಬಲ್ಲವರ ನೆರವು ಬೇಕು. ವಾರಸಾ ಆದ ದಿನವೇ ಸತ್ತ ದಿನವಲ್ಲ, ಅಣ್ಣತಮ್ಮರು ಬೇರೆಯಾಗುವ ತನಕ ಅಜ್ಜನ ಹೆಸರಲ್ಲೇ ಉತಾರ (ಪಹಣಿ) ಉಳಿದಿರುವುದು ಸಾಮಾನ್ಯ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ‘ಸಂಗಪ್ಪ ಬಿನ್ ಯಲ್ಲಪ್ಪ’ ಒಮ್ಮೆ ತಾತ, ಇನ್ನೊಮ್ಮೆ ಮೊಮ್ಮಗ ಆಗಿರುವುದೂ ಉಂಟು. ಸರ್ವೆ ನಂಬರು ಹಿಡಿದು ನಡೆದರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ.

ಹೊಲವಿಲ್ಲದವರಿಗೆ ವತನದ ಕಾಗದ ದಾರಿ. 1874ರ ಮುಂಬಯಿ ವತನ ಕಾಯಿದೆಯ ಪ್ರಕಾರ ವತನದಾರ ಸತ್ತರೆ ಊರಿನ ಅಧಿಕಾರಿಗಳು ವರದಿ ಮಾಡಬೇಕಿತ್ತು, ವಾರಸುದಾರನ ಹೆಸರು ದಾಖಲಾಗಬೇಕಿತ್ತು. ದೇಸಾಯಿ, ನಾಡಗೌಡರಿಗೆ ಇದ್ದ ವಂಶಾವಳಿ ದೊಡ್ಡದು. ಆದರೆ ಊರ ಚಾಕರಿ ಮಾಡಿದ ದಲಿತ ಕುಟುಂಬಗಳೂ ತಳವಾರರೂ ವತನದಾರರಾಗಿ ಈ ಕಾಗದದಲ್ಲಿ ಬರುತ್ತಾರೆ ಎಂಬುದು ಹೆಚ್ಚಿನದು. ತಮ್ಮ ಹಿರಿಯರ ಬಗ್ಗೆ ಎಲ್ಲಿಯೂ ಬರೆದಿಲ್ಲ ಎಂದುಕೊಂಡ ಮನೆತನಗಳು ಇದನ್ನು ನೋಡದೆ ಬಿಡಬಾರದು. ಕುಲಕರ್ಣಿ ವತನ 1950ರ ಮುಂಬಯಿ ಕಾಯಿದೆಯಿಂದ ಹೋಯಿತು, ಉಳಿದ ಗ್ರಾಮಾಧಿಕಾರಗಳ ವಂಶಪಾರಂಪರ್ಯ 1961ರ ಕಾಯಿದೆಯಿಂದ ಕೊನೆಗೊಂಡಿತು. ಕುಲಕರ್ಣಿಯ ಜಾಗಕ್ಕೆ ಗ್ರಾಮ ಲೆಕ್ಕಿಗ ಬಂದ.

ಜನನ ಮರಣ ನೋಂದಣಿ ಕಾಯಿದೆ 1969ರಲ್ಲಿ ಆಗಿ, 1970ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಜಾರಿಗೆ ಬಂತು. ಇದರ 17ನೆಯ ಕಲಮಿನಂತೆ ಯಾರು ಬೇಕಾದರೂ ಶುಲ್ಕ ಕೊಟ್ಟು ರಿಜಿಸ್ಟರು ಹುಡುಕಿಸಿ ಮರಣದ ನಕಲು ಪಡೆಯಬಹುದು. ಸಾವಿನ ಕಾರಣವನ್ನು ಮಾತ್ರ ನಕಲಿನಲ್ಲಿ ಕೊಡುವಂತಿಲ್ಲ. ನೋಂದಣಿ ನಡೆಯುವುದು ಸತ್ತ ಸ್ಥಳದಲ್ಲಿ, ಸ್ವಂತ ಊರಿನಲ್ಲಲ್ಲ. ಈ ಸೀಮೆಯವರಿಗೆ ಇದು ಮುಖ್ಯ. ದುಡಿಯಲು ಸೊಲ್ಲಾಪುರದ ಗಿರಣಿಗಳಿಗೆ ಹೋದವರ, ಔಷಧೋಪಚಾರಕ್ಕೆ ಮಿರಜದ ಮಿಶನ್ ಆಸ್ಪತ್ರೆಗೆ ಒಯ್ದವರ ಸಾವು ಅಲ್ಲಿಯ ನಗರಸಭೆಗಳ ಪುಸ್ತಕದಲ್ಲಿ ಮರಾಠಿಯಲ್ಲಿದೆ. ಮೂಡಣ ಗಡಿಯಾಚೆ, ಹಳೆಯ ನಿಜಾಮ ಸೀಮೆಯಿಂದ ತಂದ ಸೊಸೆಯಂದಿರ ತವರಿನ ಕಾಗದ ಉರ್ದುವಿನಲ್ಲಿರಬಹುದು.

ಊರಿನ ಹೆಸರೇ ದಾರಿ ತಪ್ಪಿಸುವುದೂ ಉಂಟು. ಹಳೆಯ ಸಿಂದಗಿ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕಾಗಿರುವ ದೇವರ ಹಿಪ್ಪರಗಿ ಬೇರೆ, ಬ್ಯಾರೇಜಿನಿಂದ ಹೆಸರಾದ ಕೃಷ್ಣಾತೀರದ ಹಿಪ್ಪರಗಿ ಬೇರೆ, ಹೂವಿನ ಹಿಪ್ಪರಗಿ ಬೇರೆ. ‘ಹಿಪ್ಪರಗಿ’ ಎಂಬ ಅಡ್ಡಹೆಸರಿನ ಮನೆತನ ಇವುಗಳಲ್ಲಿ ಯಾವುದನ್ನು ಬಿಟ್ಟುಬಂದಿದೆ ಎಂದು ಮೊದಲು ಹಿರಿಯರನ್ನು ಕೇಳಬೇಕು.

ಹೆಣ್ಣುಮಕ್ಕಳ ಹೆಸರು ಈ ಎಲ್ಲ ಆಧಾರಗಳಲ್ಲೂ ತೆಳು. ಹೆಳವರು ಹೇಳುವ ವಂಶ ಗಂಡುಮಕ್ಕಳದು, ವತನ ಇಳಿದದ್ದೂ ಹೆಚ್ಚಾಗಿ ಗಂಡುಮಕ್ಕಳಿಗೇ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಂಡತಿಯನ್ನೂ ಹೆಣ್ಣುಮಕ್ಕಳನ್ನೂ ಮೊದಲ ಸಾಲಿನ ವಾರಸುದಾರರೆಂದಿತು. ಅಲ್ಲಿಂದ ಮುಂದಿನ ವಾರಸಾಗಳಲ್ಲಿ, ಕೊನೆಗೆ ಅಣ್ಣತಮ್ಮರಿಗೆ ಬರೆದುಕೊಟ್ಟ ಹಕ್ಕುಬಿಟ್ಟ ಪತ್ರಗಳಲ್ಲಾದರೂ, ಅವರ ಹೆಸರು, ಗಂಡನ ಹೆಸರು, ಕೊಟ್ಟ ಊರು ಬರೆದಿರುತ್ತದೆ. ಎಷ್ಟೋ ಅಜ್ಜಿಯರ ಹೆಸರು ಸರಕಾರಿ ಕಾಗದದಲ್ಲಿ ಇರುವುದು ಅದೊಂದೇ ಕಡೆ.