ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ

ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಳಿ, ಆಂಧ್ರದ ಗಡಿಗೆ ಹೊಂದಿಕೊಂಡಿರುವ ಹುಲ್ಲುಗಾವಲು. ವಿಸ್ತಾರ 798 ಎಕರೆ. 2007ರಲ್ಲಿ ಮೀಸಲು ಪ್ರದೇಶವೆಂದು ಘೋಷಿತವಾಯಿತು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಹರಿಯುವ ಜಯಮಂಗಲಿ ನದಿಯಿಂದ ಇದಕ್ಕೆ ಈ ಹೆಸರು ಬಂದಿದೆ.

ಪ್ರಾಣಿ: ಕೃಷ್ಣಮೃಗದ ವೈಜ್ಞಾನಿಕ ಹೆಸರು ಆಂಟಿಲೋಪ್ ಸರ್ವಿಕಾಪ್ರ. ಬಲಿತ ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕಣ್ಣಿನ ಸುತ್ತ ಬಿಳಿ ಉಂಗುರ. ತಲೆಯ ಮೇಲೆ ತಿರುಪಿನಂತೆ ಸುತ್ತಿಕೊಂಡ ಕೊಂಬು. ಹೆಣ್ಣು ಮತ್ತು ಮರಿಗಳದು ತಿಳಿಗಂದು ಬಣ್ಣ. ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿಲ್ಲ. ಜಿಂಕೆಯ ಕವಲುಗೊಂಬು ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗದ ಕೊಂಬು ಕವಲೊಡೆಯುವುದಿಲ್ಲ, ಉದುರುವುದೂ ಇಲ್ಲ. ಆದ್ದರಿಂದ ಇದು ಜಿಂಕೆಯಲ್ಲ, ದನ, ಕುರಿ, ಮೇಕೆಗಳ ಕುಟುಂಬಕ್ಕೆ ಸೇರಿದ ಪ್ರಾಣಿ.

ನಡವಳಿಕೆ: ಗಂಡು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ, ಕಣ್ಣಿನ ಬಳಿಯ ಗ್ರಂಥಿಯ ವಾಸನೆಯನ್ನು ಗಿಡಗಂಟಿಗಳಿಗೆ ಸವರಿ ತನ್ನ ಗಡಿ ಗುರುತಿಸುತ್ತದೆ. ಹೆಣ್ಣುಗಳು ಬಂದಾಗ ಮೂತಿಯನ್ನು ಮೇಲೆತ್ತಿ, ಕೊಂಬನ್ನು ಬೆನ್ನಿಗೆ ಒರಗಿಸಿ ಬಿಂಕದಿಂದ ಹೆಜ್ಜೆ ಹಾಕುತ್ತದೆ. ಅಪಾಯ ಕಂಡರೆ ಹಿಂಡು ನಾಲ್ಕೂ ಕಾಲೆತ್ತಿ ನೆಗೆಯುತ್ತಾ ಓಟ ಕೀಳುತ್ತದೆ.

ಮಹತ್ವ: ಹುಲ್ಲುಗಾವಲನ್ನು ಬಂಜರು ಎಂದು ಕಡೆಗಣಿಸುವುದು ತಪ್ಪು. ಬಯಲಲ್ಲಿ ದೂರದ ಶತ್ರುವನ್ನು ಕಂಡು ಓಡಿ ಬದುಕುವ ಈ ಪ್ರಾಣಿಗೆ ದಟ್ಟ ನೆಡುತೋಪು ಆಸರೆಯಾಗದು. ಕೃಷ್ಣಮೃಗದ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಆದರೆ ಹುಲ್ಲಿನ ಬಯಲು ಉಳಿದರೆ ಮಾತ್ರ ಹಿಂಡು ಉಳಿಯುತ್ತದೆ.