ಚೆಕ್ ನಟ್ ಎಲ್ಲಿ ಹೋಯ್ತು? ಸೈಕಲ್ ಹೆಡ್‌ಸೆಟ್‌ನ ಇನ್ನೂರು ವರ್ಷದ ಕಥೆ

ಹೋದ ಭಾನುವಾರದ ವಿಡಿಯೋದ ಬರಹರೂಪ ಇದು. ಅಲ್ಲಿ ಕೈಯಲ್ಲಿ ಹಿಡಿದು ತೋರಿಸಿದ್ದನ್ನ ಇಲ್ಲಿ ಮಾತಲ್ಲೇ ಬಿಡಿಸಿ ಹೇಳಬೇಕು. ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಪುಣೆಯಲ್ಲಿ ಸೈಕಲ್ ತುಳಿಯೋರಿಗೆ ಸಿಂಹಗಡದ ಘಾಟಿ ಗೊತ್ತೇ ಇರುತ್ತೆ. ವಾರವಿಡೀ ಹಿಂಜೆವಾಡಿಯಲ್ಲಿ ಕುರ್ಚಿಗೆ ಅಂಟಿಕೊಂಡು ಕೂತು, ಶನಿವಾರ ಬೆಳಿಗ್ಗೆ ಅಲ್ಲಿ ಹೋಗಿ ಬೆವರು ಹರಿಸ್ತೇವೆ. ಅಂಥ ಒಂದು ಶನಿವಾರ ಘಾಟಿ ಇಳೀತಾ ಇದ್ದೆ. ತಿರುವಿಗೆ ಮುಂಚೆ ಮುಂದಿನ ಬ್ರೇಕ್ ಹಿಡಿದೆ. ಹ್ಯಾಂಡಲ್ ಕೆಳಗಿಂದ ‘ಟಕ್’ ಅಂತ ಸದ್ದು. ಮುಂದಿನ ತಿರುವಲ್ಲಿ ಮತ್ತೆ ‘ಟಕ್’, ಜೊತೆಗೆ ಸೈಕಲ್‌ನ ಮುಂಭಾಗವೇ ನಡುಗಿತು. ಪಕ್ಕದಲ್ಲಿ ಕಣಿವೆ. ಧೈರ್ಯ ಸಾಲಲಿಲ್ಲ, ಉಳಿದ ಇಳಿಜಾರು ತಳ್ಳಿಕೊಂಡೇ ಬಂದೆ.

ಮನೆಗೆ ಬಂದು ಮಾಡಿದ ಮೊದಲ ಕೆಲಸವೇ ತಪ್ಪು. ಹ್ಯಾಂಡಲ್ ಸ್ಟೆಮ್ ಮೇಲೆ ಒಂದು ಪುಟ್ಟ ಮುಚ್ಚಳ, ಅದರ ನಡುವೆ ಒಂದೇ ಒಂದು ಬೋಲ್ಟ್ ಇರುತ್ತಲ್ಲ, ಅದನ್ನ ಅಲೆನ್ ಕೀ ಹಾಕಿ ತಿರುಗಿಸಿದೆ. ಒಂದು ಸುತ್ತು ಕೂಡ ಸರಿಯಾಗಿ ಬರಲಿಲ್ಲ, ಬಲ ಹಾಕಿದೆ. ಬೋಲ್ಟ್ ಕಿರುಗುಟ್ಟಿತು, ಅಲುಗಾಟ ಮಾತ್ರ ಹಾಗೇ ಇತ್ತು.

ಆ ವಾರ ದಾವಣಗೆರೆಯಿಂದ ಅಪ್ಪ ಬಂದಿದ್ರು. ಬಾಲ್ಕನಿಯಲ್ಲಿ ಪೇಪರ್ ಓದ್ತಾ ಕೂತಿದ್ದೋರು ಎದ್ದು ಬಂದು, ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಸೈಕಲ್‌ನ ಹಿಂದೆ ಮುಂದೆ ಅಲುಗಾಡಿಸಿದ್ರು. ಇನ್ನೊಂದು ಕೈಯ ಬೆರಳನ್ನ ಫೋರ್ಕ್ ಮತ್ತು ಫ್ರೇಮ್ ಸೇರೋ ಸಂದಿಗೆ ಇಟ್ಟಿದ್ರು. “ಕಪ್ ಲೂಸ್ ಆಗಿದೆ ಕಣೋ” ಅಂದ್ರು. ಐದು ಸೆಕೆಂಡೂ ಆಗಿರಲಿಲ್ಲ. ಆಮೇಲೆ ಮೇಲೆ ಕೆಳಗೆ ಹುಡುಕಿ ಕೇಳಿದ್ರು: “ಏನೋ ಇದು, ಚೆಕ್ ನಟ್ಟೇ ಇಲ್ವಲ್ಲೋ?”

ನನ್ನ ಹತ್ರ ಉತ್ತರ ಇರಲಿಲ್ಲ. ಆ ಉತ್ತರ ಹುಡುಕ್ತಾ ಹೋಗಿದ್ದೇ ಈ ಎಪಿಸೋಡ್.

ಕಥೆ ಶುರುವಾಗೋದು 1817ರಲ್ಲಿ. ಜರ್ಮನಿಯ ಮ್ಯಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಅನ್ನೋರು ಎರಡು ಚಕ್ರದ ಮರದ ಗಾಡಿ ಮಾಡಿ ಓಡಿಸಿದ್ರು. ಪೆಡಲ್ ಇಲ್ಲ, ನೆಲಕ್ಕೆ ಕಾಲು ಒದ್ದು ಹೋಗಬೇಕು. ಆದ್ರೆ ಮುಂದಿನ ಚಕ್ರ ತಿರುಗುತ್ತಿತ್ತು. ಎರಡು ಚಕ್ರದ ಮೇಲೆ ಬೀಳದೆ ಇರೋದಕ್ಕೆ ಆ ತಿರುಗೋದೇ ಬೇಕು. ನೇರ ಹೋಗ್ತಿದ್ದೀವಿ ಅಂದುಕೊಂಡಾಗಲೂ ನಾವು ಹ್ಯಾಂಡಲ್‌ನ ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸ್ತಾನೇ ಇರ್ತೀವಿ. ಅಂದ್ರೆ ಪೆಡಲ್, ಚೈನು, ಗಾಳಿ ತುಂಬಿದ ಟೈರು ಎಲ್ಲಕ್ಕಿಂತ ಮೊದಲು ಸೈಕಲ್‌ಗೆ ಬಂದಿದ್ದು ಈ ಕತ್ತು.

1869ರಲ್ಲಿ ಪ್ಯಾರಿಸ್‌ನ ಜೂಲ್ಸ್ ಸುರಿರೇ ಸೈಕಲ್‌ಗೆ ಬಾಲ್ ಬೇರಿಂಗ್ ಪೇಟೆಂಟ್ ಪಡೆದ್ರು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲ್ ತಂದ್ರು. ಎರಡೂ ಚಕ್ರ ಹೆಚ್ಚುಕಮ್ಮಿ ಒಂದೇ ಗಾತ್ರ, ಹಿಂದಿನ ಚಕ್ರಕ್ಕೆ ಚೈನು: ಇವತ್ತಿನ ಸೈಕಲ್‌ನ ರೂಪ ಅಲ್ಲಿಂದ ಬಂತು. ಫೋರ್ಕಿನ ಕೊಳವೆ ಫ್ರೇಮಿನ ಮುಂದಿನ ಕೊಳವೆಯೊಳಗೆ ಮೇಲೊಂದು, ಕೆಳಗೊಂದು ಬೇರಿಂಗ್ ಮೇಲೆ ತಿರುಗೋ ಏರ್ಪಾಡು ಕ್ರಮೇಣ ಎಲ್ಲ ಕಡೆ ನೆಲೆಯಾಯ್ತು.

ಈ ಬೇರಿಂಗ್‌ನ ಕಷ್ಟ ಬೇರೆ ಥರ. ಚಕ್ರದ ಬೇರಿಂಗ್ ಸುತ್ತುತ್ತೆ, ಇದು ಸುತ್ತಲ್ಲ. ನೇರ ದಾರಿಯಲ್ಲಿ ಗುಂಡುಗಳು ಒಂದೇ ಜಾಗದಲ್ಲಿ ಕೂತು, ರಸ್ತೆಯ ಪ್ರತಿ ಹೊಡೆತಕ್ಕೂ ಅದುರ್ತಾ ಕಪ್‌ನಲ್ಲಿ ಸಣ್ಣ ಗುಳಿ ಮಾಡ್ತವೆ. ಹಿಡಿತ ಸಡಿಲ ಇದ್ದರೆ ಹೊಡೆತ ಜೋರು, ಬಿಗಿ ಹೆಚ್ಚಾದರೆ ಹ್ಯಾಂಡಲ್ ತಿರುಗಲ್ಲ. ಹದ ಬೇಕು. ಆ ಹದ ಹಿಡಿದಿಡೋಕೆ ಬಂದಿದ್ದೇ ಅಪ್ಪ ಹುಡುಕಿದ ಚೆಕ್ ನಟ್.

ಹಳೇ ಪದ್ಧತಿ ಹೀಗಿತ್ತು: ಫೋರ್ಕಿನ ಕೊಳವೆಯ ತುದಿಗೆ ಹೊರಗಡೆ ಥ್ರೆಡ್. ಮೇಲಿನ ಕಪ್ ಆ ಥ್ರೆಡ್ ಮೇಲೆ ನಟ್‌ನ ಹಾಗೆ ಇಳಿದು ಗುಂಡುಗಳನ್ನ ಹದವಾಗಿ ಒತ್ತುತ್ತೆ. ಅದು ತಾನಾಗಿ ಸಡಿಲ ಆಗದಿರಲಿ ಅಂತ ಮೇಲಿಂದ ಚೆಕ್ ನಟ್. ಒಂದು ಸ್ಪ್ಯಾನರ್‌ನಲ್ಲಿ ಕಪ್ ಅಲುಗದಂತೆ ಹಿಡಿದು, ಇನ್ನೊಂದರಲ್ಲಿ ನಟ್ ಬಿಗಿಯಬೇಕು. ಬಿಗಿದಾಗ ಹದ ಸ್ವಲ್ಪ ಜರುಗುತ್ತೆ, ಅದನ್ನ ಮೊದಲೇ ಅಂದಾಜು ಮಾಡಿ ಕೂದಲೆಳೆ ಸಡಿಲ ಬಿಟ್ಟಿರಬೇಕು. ಊರಿನ ಸೈಕಲ್ ಶಾಪಿನವರ ಕೈಗುಣ ಅಂದ್ರೆ ಇದೇ.

ನೂರು ವರ್ಷ ಇದು ನಡೀತು. ತೊಂದರೆಗಳೂ ಇದ್ವು. ಇಂಗ್ಲಿಷ್ ಥ್ರೆಡ್ ಒಂದು ಇಂಚಿನದು, ಫ್ರೆಂಚರದು 25 ಮಿಲಿಮೀಟರ್, ಒಂದರ ನಟ್ ಇನ್ನೊಂದಕ್ಕೆ ಕೂರಲ್ಲ. ಪ್ರತಿ ಫ್ರೇಮ್ ಅಳತೆಗೂ ಬೇರೆ ಉದ್ದದ ಫೋರ್ಕ್ ಮಾಡಿಡಬೇಕು. ಹ್ಯಾಂಡಲ್‌ನ ಸ್ಟೆಮ್ ಫೋರ್ಕಿನ ಒಳಗೆ ಇಳಿದಿರುತ್ತೆ, ಬೆವರು ಮಳೆಗೆ ಅಲ್ಲೇ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತೆ. 1980ರ ದಶಕದಲ್ಲಿ ಕಲ್ಲು ಗುಡ್ಡದಲ್ಲಿ ಓಡೋ ಮೌಂಟನ್ ಬೈಕ್‌ಗಳು ಹೆಚ್ಚಾದವು. ಆ ಕುಲುಕಾಟಕ್ಕೆ ಚೆಕ್ ನಟ್ ಸಡಿಲವಾಗೋದು ದಿನನಿತ್ಯದ ಗೋಳಾಯ್ತು. ದಪ್ಪ ಕೊಳವೆಗಳು ಬಂದು 32, 36, 40 ಮಿಲಿಮೀಟರ್ ಅಂತ ಸ್ಪ್ಯಾನರ್ ಅಳತೆಗಳೂ ಬೆಳೆದವು.

ಆಗ ಅಮೆರಿಕದ ಜಾನ್ ರೇಡರ್ ಥ್ರೆಡ್ಡನ್ನೇ ತೆಗೆದುಹಾಕಿದ್ರು. 1990ರಲ್ಲಿ ಅರ್ಜಿ ಹಾಕಿ 1992ರಲ್ಲಿ ಪೇಟೆಂಟ್ ಪಡೆದ್ರು. ಡಯಾ-ಕಾಂಪೆ ಕಂಪನಿ ಇದನ್ನ ‘ಅಹೆಡ್‌ಸೆಟ್’ ಹೆಸರಲ್ಲಿ ಮಾರುಕಟ್ಟೆಗೆ ತಂತು. ಅದರ ಅಮೆರಿಕದ ಶಾಖೆಯೇ ಮುಂದೆ ಕೇನ್ ಕ್ರೀಕ್ ಆಯ್ತು. ಮೊದಲು ಮೌಂಟನ್ ಬೈಕ್, ಆಮೇಲೆ ರೋಡ್ ಬೈಕ್, ಎಲ್ಲ ಕಡೆ ಇದೇ ಬಂತು.

ಇಲ್ಲಿ ಫೋರ್ಕಿನ ಕೊಳವೆ ನುಣುಪು. ಸ್ಟೆಮ್ ಅದರ ಒಳಗೆ ಇಳಿಯಲ್ಲ, ಹೊರಗಿಂದ ಅಪ್ಪಿ ಹಿಡಿಯುತ್ತೆ. ಕೊಳವೆಯೊಳಗೆ ಒಂದು ಸ್ಟಾರ್ ನಟ್ ಕಚ್ಚಿಕೊಂಡಿರುತ್ತೆ. ಮುಚ್ಚಳದ ಬೋಲ್ಟ್ ತಿರುಗಿಸಿದರೆ ಫೋರ್ಕ್ ಮೇಲಕ್ಕೆ, ಸ್ಟೆಮ್ ಕೆಳಕ್ಕೆ ಎಳೆದು ಬೇರಿಂಗ್ ಒತ್ತುತ್ತೆ. ಆ ಒತ್ತಡವನ್ನ ಹಿಡಿದಿಡೋದು ಮಾತ್ರ ಸ್ಟೆಮ್‌ನ ಪಕ್ಕದ ಬೋಲ್ಟ್‌ಗಳು. ಮುಚ್ಚಳ ಹದ ಮಾಡುತ್ತೆ, ಸ್ಟೆಮ್ ಕಾಯುತ್ತೆ. ಚೆಕ್ ನಟ್ ಎಲ್ಲೂ ಹೋಗಿಲ್ಲ ಸ್ನೇಹಿತರೆ, ಅದರ ಕೆಲಸ ಸ್ಟೆಮ್‌ಗೆ ವರ್ಗಾವಣೆ ಆಗಿದೆ.

ಇದು ಅರ್ಥ ಆದಮೇಲೆ ನನ್ನ ತಪ್ಪು ಕಣ್ಣಿಗೆ ಹೊಡೀತು. ಪಕ್ಕದ ಬೋಲ್ಟ್‌ಗಳು ಬಿಗಿಯಾಗಿದ್ದಾಗಲೇ ನಾನು ಮುಚ್ಚಳ ತಿರುಗಿಸಿದ್ದೆ. ಸ್ಟೆಮ್ ಕೊಳವೆಯನ್ನ ಅಪ್ಪಿ ಹಿಡಿದಿದ್ದರೆ ಕೆಳಗೆ ಜಾರೋದು ಹೇಗೆ? ಬಲ ಎಲ್ಲ ಸ್ಟಾರ್ ನಟ್ ಮೇಲೆ ಬಿತ್ತು. ಇನ್ನಷ್ಟು ತಿರುಗಿಸಿದ್ದರೆ ಅದು ಕಿತ್ತು ಬರ್ತಿತ್ತು.

ಅಪ್ಪ ಬ್ರೇಕ್ ಹಿಡಿದು ನಿಂತ್ರು, ನಾನು ಕೆಲಸ ಮಾಡಿದೆ. ಮೊದಲು ಪಕ್ಕದ ಬೋಲ್ಟ್‌ಗಳನ್ನ ಸಡಿಲ ಮಾಡಿದೆ. ಮುಚ್ಚಳ ತೆಗೆದು ನೋಡಿದೆ: ಕೊಳವೆಯ ತುದಿ ಸ್ಟೆಮ್‌ನ ಮೇಲಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗಿರಬೇಕು, ಇಲ್ಲಾಂದ್ರೆ ಮುಚ್ಚಳ ಕೊಳವೆಗೇ ತಾಗಿ ನಿಲ್ಲುತ್ತೆ. ನನ್ನದರಲ್ಲಿ ಸರಿ ಇತ್ತು. ಆಮೇಲೆ ಮುಚ್ಚಳದ ಬೋಲ್ಟ್‌ನ ಕಾಲು ಕಾಲು ಸುತ್ತು. “ಇನ್ನೂ ಇದೆ... ಇನ್ನೂ ಸ್ವಲ್ಪ... ಸಾಕು, ನಿಲ್ಸು.” ಅಪ್ಪನ ಬೆರಳು ಹೇಳಿದಲ್ಲಿ ನಿಲ್ಲಿಸಿದೆ. ಹ್ಯಾಂಡಲ್ ಸಲೀಸಾಗಿ ತಿರುಗ್ತಿತ್ತು. ಚಕ್ರಕ್ಕೆ ನೇರ ಮಾಡಿ, ಪಕ್ಕದ ಬೋಲ್ಟ್‌ಗಳನ್ನ ಒಂದಾದಮೇಲೊಂದು ಸ್ವಲ್ಪ ಸ್ವಲ್ಪವೇ, ಸ್ಟೆಮ್ ಮೇಲೆ ಬರೆದ ಅಳತೆಗೆ ಬಿಗಿದೆ. ಕಾರ್ಬನ್ ಫೋರ್ಕ್ ಇರೋರಿಗೆ ಒಂದು ಮಾತು: ಅದರೊಳಗೆ ಸ್ಟಾರ್ ನಟ್ ಹೊಡೆಯಬಾರದು, ಅದಕ್ಕೆ ಬೇರೆ ಹಿಗ್ಗುವ ಪ್ಲಗ್ ಇರುತ್ತೆ. ಟಾರ್ಕ್ ರೆಂಚ್ ಇಲ್ಲದೆ ಬಿಗಿಯೋಕೂ ಹೋಗಬೇಡಿ.

ಹೊಸದರಲ್ಲಿ ಕಳಕೊಂಡಿದ್ದೂ ಒಂದಿದೆ. ಹಳೇ ಸೈಕಲ್‌ನಲ್ಲಿ ಒಂದು ಬೋಲ್ಟ್ ಸಡಿಲಿಸಿ ಹ್ಯಾಂಡಲ್ ಎತ್ತರ ಮಾಡಬಹುದಿತ್ತು. ನಾನು ಬೆಳೆದ ಹಾಗೆ ಅಪ್ಪ ನನ್ನ ಸೈಕಲ್‌ಗೆ ಎಷ್ಟೋ ಸಲ ಮಾಡಿಕೊಟ್ಟಿದ್ರು. ಈಗ ಕೊಳವೆ ಒಮ್ಮೆ ಕತ್ತರಿಸಿದರೆ ಎತ್ತರ ಮುಗೀತು.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಹಳೇ ಸೈಕಲ್‌ನ ಬ್ರೇಕ್ ಹಿಡಿದು ಅಲುಗಾಡಿಸಿದೆ. ‘ಟಕ್’ ಅಂತು. ಅಪ್ಪ ಒಳಗಿಂದ ಎರಡು ಸ್ಪ್ಯಾನರ್ ತಂದು ಒಂದನ್ನ ನನ್ನ ಕೈಗಿಟ್ಟರು. “ಕಪ್ ಹಿಡ್ಕೋ, ಬಿಡಬೇಡ” ಅಂದ್ರು. ಮೂರು ಸಲ ಹದ ತಪ್ಪಿಸಿದೆ. ನಾಲ್ಕನೇ ಸಲ ಸರಿ ಹೋಯ್ತು.

ಈ ಶನಿವಾರ ಘಾಟಿಗೆ ಹೊರಡೋ ಮೊದಲು ನೀವೂ ಒಂದ್ಸಲ ಮುಂದಿನ ಬ್ರೇಕ್ ಹಿಡಿದು ಅಲುಗಾಡಿಸಿ ನೋಡಿ. ಐದು ಸೆಕೆಂಡ್ ಸಾಕು. ಮುಂದಿನ ವಾರ ಮತ್ತೆ ಸಿಗೋಣ.